ಒಂದು ಹಾಳೆ ಹೆಚ್ಚು

ರಾಗ್ನಾ ನನಗೆ ಬೇರೆಯವಳಲ್ಲ, ನಮ್ಮ ದೊಡ್ಡಪ್ಪನ ಮಗಳು. ಕತೆ ಕಟ್ಟೋ ಪೈಕಿ ಅಂತೂ ಅಲ್ಲವೇ ಅಲ್ಲ. ಸರಕಾರದ ನಕ್ಷೆ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಹಾಳೆ ಎಣಿಸಿದ ಹೆಂಗಸು. ಒಂದಕ್ಕೊಂದು ಸೇರಿಸಿದರೆ ಎರಡು, ಅದರಾಚೆಗೆ ಏನಾದರೂ ಹೇಳು ಅಂದರೆ ಮುಖ ಸಿಂಡರಿಸೋಳು. ಅಂಥವಳು ಹೇಳಿದ್ದು ಇದು. ನಗೋರು ಈಗಲೇ ನಕ್ಕುಬಿಡಿ, ಮಧ್ಯದಲ್ಲಿ ಬಾಯಿ ಹಾಕಬೇಡಿ.

ಯುದ್ಧ ಮುಗಿದು ಎಂಟನೇ ಚಳಿಗಾಲ. ಜನವರಿ ತಿಂಗಳು, ಮಂಗಳವಾರ. ರಾತ್ರಿ ಹನ್ನೊಂದು ದಾಟಿತ್ತು. ರಾಗ್ನಾ ಆಫೀಸಿನಿಂದ ಒಬ್ಬಳೇ ನಡಕೊಂಡು ಮನೆಗೆ ಹೊರಟಿದ್ದಳು. ಕೊನೇ ಟ್ರಾಮು ಹೋಗಿ ಆಗಿತ್ತು. ಓಸ್ಲೋದ ಬೀದಿಗಳಲ್ಲಿ ಆ ಹೊತ್ತಿಗೆ ನಾಯಿಯೂ ಇರಲಿಲ್ಲ.

ದಾರೀಲಿ ಒಂದು ಹಳೇ ಚರ್ಚಿನ ಅಂಗಳ. ಅಂಗಳದ ಮೂಲೇಲಿ ಬಾವಿ, ಬಾವಿ ಪಕ್ಕ ಒಂದು ಬೋಳು ಮರ. ನಲ್ಲಿ ನೀರು ಬಂದ ಮೇಲೆ ಯಾರೂ ಅದನ್ನ ಸೇದೋದಿಲ್ಲ, ಹಲಗೆ ಮುಚ್ಚಿ ಕಬ್ಬಿಣದ ಪಟ್ಟಿ ಬಡಿದಿದ್ದರು. ರಾಗ್ನಾ ಅಲ್ಲೇ ಅಡ್ಡ ಹಾಯ್ದು ಹೋಗೋಳು, ಐದು ನಿಮಿಷ ಉಳಿಯುತ್ತೆ ಅಂತ.

ಹಿಮದ ಮೇಲೆ ಅವಳ ಬೂಟಿನ ಸದ್ದು... ಕರಕ್... ಕರಕ್... ಬಾವಿ ಹತ್ತಿರ ಬಂದಾಗ ಇನ್ನೊಂದು ಸದ್ದು ಕೇಳಿಸಿತು. ತೊಟ್... ಸ್ವಲ್ಪ ಬಿಟ್ಟು, ತೊಟ್... ನೀರು ತೊಟ್ಟಿಕ್ಕೋ ಸದ್ದು. ಮೂಗಿನಿಂದ ಬಿಟ್ಟ ಉಸಿರು ಮಫ್ಲರಿನ ಮೇಲೆ ಗಟ್ಟಿಯಾಗೋ ಚಳಿ ಅದು. ಅಂಥಾದ್ದರಲ್ಲಿ ನೀರು ಎಲ್ಲಿಂದ ತೊಟ್ಟಿಕ್ಕಬೇಕು?

ಮರದ ಕೆಳಗೆ ಒಬ್ಬ ನಿಂತಿದ್ದ. ದಪ್ಪ ಕೋಟು, ಹೆಗಲಿಗೆ ಚರ್ಮದ ಚೀಲ. ಕೋಟಿನ ಅಂಚಿನಿಂದ ನೀರು ಇಳೀತಿತ್ತು.

"ನಕ್ಷೆ ವಾಪಸ್ ಕೊಡಬೇಕಿತ್ತು..." ಅಂದ ಪಿಸುದನಿಯಲ್ಲಿ. "ಎಲ್ಲಿ ಕೊಡೋದು?"

ರಾಗ್ನಾಗೆ ಮೊದಲು ಬಂದದ್ದು ಹೆದರಿಕೆ ಅಲ್ಲ, ಗುಮಾನಿ. ಇವಳು ನಕ್ಷೆ ಆಫೀಸಿನವಳು ಅಂತ ಇವನಿಗೆ ಹೇಗೆ ಗೊತ್ತಾಯ್ತು? ಆ ಕಾಲವೇ ಹಾಗಿತ್ತು. ಪಕ್ಕದ ಮನೆಯವನು ಸಕ್ಕರೆ ಕೇಳೋಕೆ ಬಂದರೂ ಯಾವ ದೇಶದ ಗೂಢಚಾರನೋ ಅಂತ ನೋಡೋರು. ಕುಡಿದಿರಬೇಕು, ಇಲ್ಲಾ ಆಫೀಸಿನ ಸುದ್ದಿ ತೆಗೆಯೋಕೆ ಬಂದಿರಬೇಕು ಅಂದುಕೊಂಡು, ಕೌಂಟರಿನಲ್ಲಿ ದಿನಾ ಹೇಳೋ ಮಾತನ್ನೇ ಹೇಳಿದಳು.

"ಲೆಕ್ಕದ ಮೇಜಿಗೆ ತಂದುಕೊಡಿ."

"ರಸೀತಿ ಕೊಡ್ತೀರಾ?"

"ಕೊಡ್ತೀವಿ."

ಅಷ್ಟೇ ಮಾತು. ಅವಳು ಬಿರಬಿರನೆ ನಡೆದಳು. ಗೇಟಿನ ಹತ್ತಿರ ಒಂದು ಸಲ ತಿರುಗಿ ನೋಡಿದಳು. ಮರದ ಕೆಳಗೆ ಯಾರೂ ಇಲ್ಲ. ಅಂಗಳದ ತುಂಬಾ ಹೊಸ ಹಿಮ, ಅದರ ಮೇಲೆ ಒಂದೇ ಸಾಲು ಹೆಜ್ಜೆ... ಅವಳವೇ. ದೀಪ ಸರಿಯಿಲ್ಲ, ಕಣ್ಣಿಗೆ ನಿದ್ದೆ ಸಾಲದು ಅಂತ ತನಗೆ ತಾನೇ ಹೇಳಿಕೊಂಡು ಮನೆ ಸೇರಿದಳು.

ನಿದ್ದೆ ಸಾಲದು ಅಂದದ್ದು ಸುಳ್ಳಲ್ಲ. ಆ ವರ್ಷ ಆ ಆಫೀಸಿನ ಕೆಲಸ ಏನು ಕೇಳ್ತೀರಿ, ಕತ್ತೆ ಚಾಕರಿ. ಒಂದು ಚಳಿಗಾಲಕ್ಕೆ ಹತ್ತು ನಕ್ಷೆ ಅಚ್ಚು ಹಾಕ್ತಿದ್ದ ಕಡೆ ಮೂವತ್ತಾರು ಬೇಕು ಅಂತ ಮೇಲಿನಿಂದ ಹುಕುಂ ಬಂತು. ಜನ ಮಾತ್ರ ಅಷ್ಟೇ. ಅಚ್ಚಿನ ಯಂತ್ರ ಎರಡು ಪಾಳಿ ಓಡೋದು. ಒಂದು ನಕ್ಷೆ ಅಂದರೆ ಒಂದು ಸಲ ಒತ್ತಿದರೆ ಮುಗೀತು ಅಂದುಕೊಂಡಿರಾ? ಊರಿನ ಹೆಸರಿಗೆ ಕಪ್ಪು, ನೀರಿಗೆ ನೀಲಿ, ಗುಡ್ಡಕ್ಕೆ ಕಂದು, ಕಾಡಿಗೆ ಹಸಿರು... ಒಂದೊಂದು ಬಣ್ಣಕ್ಕೂ ಒಂದೊಂದು ತಗಡು, ಒಂದೇ ಹಾಳೆ ನಾಲ್ಕು ಸಲ ಯಂತ್ರದ ಹೊಟ್ಟೆ ಹೊಕ್ಕು ಬರಬೇಕು.

ಅದರ ಮೇಲೆ ಲೆಕ್ಕ. ಸೈನ್ಯಕ್ಕೂ ಬಳಕೆಯಾಗೋ ನಕ್ಷೆ, ಒಂದೇ ಒಂದು ಹಾಳೆ ಹೊರಗೆ ಹೋಗಕೂಡದು. ಉಗ್ರಾಣದಿಂದ ಐನೂರು ಕಾಗದ ಕೊಟ್ಟರೆ, ಒಳ್ಳೇದು ಕೆಟ್ಟದ್ದು ಎಲ್ಲಾ ಸೇರಿ ಐನೂರೇ ವಾಪಸ್ ಬರಬೇಕು. ಕೆಟ್ಟ ಹಾಳೆಗೆ ಮೂಲೆ ಕತ್ತರಿಸಿ ಚೀಲಕ್ಕೆ ಹಾಕೋದು. ಸಂಜೆ ಒಂದು ಎಣಿಕೆ, ಕೋಣೆಗೆ ಬೀಗ, ಬೆಳಿಗ್ಗೆ ಇನ್ನೊಂದು ಎಣಿಕೆ, ಆಮೇಲೆ ಪುಸ್ತಕದಲ್ಲಿ ಸಹಿ. ಅದು ರಾಗ್ನಾಳ ಕೆಲಸ. ಹಾಳೆಗಳನ್ನ ಬೀಸಣಿಗೆ ಹರಡಿದಂತೆ ಹರಡಿ, ಐದೈದಾಗಿ ಬೆರಳಲ್ಲಿ ಜಾರಿಸಿ ಎಣಿಸೋಳು. ಸರ್... ಸರ್... ಸರ್... ನಕ್ಷೆಯಲ್ಲಿ ಏನಿದೆ ಅಂತ ಅವಳು ಒಂದು ದಿನವೂ ನೋಡಿದವಳಲ್ಲ. ನೋಡೋದು ಅಂಚು ಮಾತ್ರ. ಅಂಚು ಬಿಟ್ಟು ಒಳಗೆ ಕಣ್ಣು ಹೋದರೆ ಎಣಿಕೆ ತಪ್ಪುತ್ತೆ.

ಇನ್ನೂ ಒಂದಿತ್ತು. ಮಾರಾಟಕ್ಕೆ ಬಿಡೋ ಮುಂಚೆ ಮೊದಲ ಹಾಳೆಗಳನ್ನ ಬೇರೆ ಸರಕಾರಿ ಕೆಲಸದವರಿಗೆ ಸಹಿ ಹಾಕಿಸಿಕೊಂಡು ಕಡ ಕೊಡೋರು. ವಾಪಸ್ ಬಾರದಿದ್ದರೆ ತಗೊಂಡವನ ಮನೆಗೆ ಕಾಗದ ಹೋಗೋದು: ಹಾಳೆ ಹಿಂದಿರುಗಿಸಿ, ಇಲ್ಲವೇ ಎರಡು ಕ್ರೋನೆ ಐವತ್ತು ಓರೆ ಕಟ್ಟಿ. ಡಿಸೆಂಬರಿನ ಒಂದು ವಾರದಲ್ಲೇ ರಾಗ್ನಾ ಅಂಥಾ ನಲವತ್ತು ಕಾಗದ ಟೈಪು ಮಾಡಿದ್ದಳು. ಹೆಸರು ಬದಲಾಯಿಸೋದು, ವಿಳಾಸ ಬದಲಾಯಿಸೋದು, ಲಕೋಟೆ ಅಂಟಿಸೋದು. ಯಾರಿಗೆ ಹೋಯ್ತು ಅಂತ ಕೇಳಿದರೆ ಒಂದು ಹೆಸರೂ ಬಾಯಿಗೆ ಬರ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಎಣಿಸಿದಳು. ಆ ವಾರ ಯಂತ್ರದ ಮೇಲಿದ್ದದ್ದು ನಲವತ್ತೊಂದನೇ ನಕ್ಷೆ, ಪೂರ್ವದ ಗಡಿಯ ಕಡೇದು. ರಾತ್ರಿ ಐನೂರು ಇತ್ತು. ಈಗ ಐನೂರ ಒಂದು.

ಮತ್ತೆ ಎಣಿಸಿದಳು. ಐನೂರ ಒಂದು.

ಕಮ್ಮಿಯಾದರೆ ಕಳವು. ಅದಕ್ಕೊಂದು ನಮೂನೆ ಇದೆ, ತುಂಬಿ ಕೊಟ್ಟರೆ ಆಯ್ತು. ಹೆಚ್ಚಾದರೆ? ಇಪ್ಪತ್ತೆರಡು ವರ್ಷದಲ್ಲಿ ಹೆಚ್ಚಾದದ್ದೇ ಇಲ್ಲ. ಒಂದೊಂದೇ ಎತ್ತಿ ನೋಡ್ತಾ ಹೋದಾಗ ಸಿಕ್ಕಿತು. ಮೇಲಿನಿಂದ ಮೂರನೇದು. ಅಂಚು ಅಲೆ ಅಲೆಯಾಗಿ ಎದ್ದಿತ್ತು, ನೆಂದು ಒಣಗಿದ ಕಾಗದ. ಮಧ್ಯೆ ಮಡಿಕೆಯ ಗೆರೆಗಳು... ಎಂಟು ಮಡಿಕೆ, ಯಾರೋ ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡಿದ್ದರು. ಅಚ್ಚಿನ ಮನೆಯಿಂದ ಬಂದ ಹಾಳೇಲಿ ಮಡಿಕೆ ಇರೋದೇ ಇಲ್ಲ. ಮಡಿಚೋದು ಜೇಬಿನಲ್ಲಿ ಇಡೋಕೆ. ಅಂದರೆ ಇದು ಹೊರಗೆ ಹೋಗಿ ಬಂದಿದೆ.

ಅವಳ ಕಣ್ಣು ನೇರ ಬಾಗಿಲ ಬೀಗಕ್ಕೆ ಹೋಯ್ತು. ಯಾಕೆ ಅಂದರೆ ಆ ಕೋಣೆಗೆ ಇದ್ದದ್ದು ಮೂರೇ ಬೀಗದಕೈ. ಒಂದು ಅವಳದು. ಒಂದು ಆಫೀಸಿನ ಮುಖ್ಯಸ್ಥ ರುಸ್ತಾದ್ ಸಾಹೇಬರದು. ಮೂರನೇದು, ಎರಡು ಪಾಳಿ ಶುರುವಾದ ಮೇಲೆ, ರಾತ್ರಿ ಯಂತ್ರ ನೋಡಿಕೊಳ್ಳೋನಿಗೆ ಕೊಟ್ಟಿದ್ದರು. ರಾತ್ರಿ ಯಂತ್ರ ನೋಡಿಕೊಳ್ಳೋನು ಸ್ವೆರ್ರೆ... ಅವಳ ಸ್ವಂತ ತಮ್ಮ.

 ಆ ಹಾಳೆಯ ಮೂಲೆ ಕತ್ತರಿಸಿ ಕೆಟ್ಟ ಹಾಳೆಗಳ ಚೀಲಕ್ಕೆ ತುರುಕಿ, ಎಣಿಕೆ ಸರಿ ಇದೆ ಅಂತ ಸಹಿ ಹಾಕಿದಳು. ಜೀವಮಾನದಲ್ಲಿ ಮೊದಲ ಸುಳ್ಳು ಲೆಕ್ಕ.

ಗುರುವಾರ ಬೆಳಿಗ್ಗೆ, ಐನೂರ ಒಂದು. ಮೇಲಿನಿಂದ ಮೂರನೇದು. ಮಡಿಕೆ ಇದೆ, ಅಲೆ ಇದೆ... ಮೂಲೆ ಕತ್ತರಿಸಿದೆ.

ಈ ಸಲ ರುಸ್ತಾದ್ ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಅವರು ಹಾಳೇನ ಮೂಸಿ ನೋಡಿದರು. ತುಕ್ಕು ಮತ್ತು ಪಾಚಿ ವಾಸನೆ. ತಮ್ಮ ಕೋಣೆಯ ಕಬ್ಬಿಣದ ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ ಬೀಗದಕೈ ತಮ್ಮ ಜೇಬಿಗೆ ಹಾಕಿಕೊಂಡರು.

ಆವತ್ತು ರಾತ್ರಿ ಮನೇಲಿ ರಾಗ್ನಾ ತಮ್ಮನಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇಬ್ಬರೂ ಮದುವೆಯಾದವರಲ್ಲ, ಎರಡು ಕೋಣೆಯ ಬಾಡಿಗೆ ಮನೆ. ಪಾಳಿ ಮುಗಿಯೋದು ಹತ್ತಕ್ಕೆ. ಅವನು ಬಂದದ್ದು ಒಂದೂವರೆಗೆ. ಬೂಟು ಕೈಲಿ ಹಿಡಿದು, ಕಾಲುಚೀಲದಲ್ಲಿ, ಕಳ್ಳ ಬೆಕ್ಕಿನ ಹಾಗೆ ಬಂದ. ಬೂಟು ಹೊಸದು. ಅದನ್ನ ಅವಳು ಆಗಲೇ ಲೆಕ್ಕ ಹಾಕಿದಳು.

"ಎಲ್ಲಿದ್ದೆಯೋ?"

"ಯಂತ್ರ ಕೈಕೊಟ್ಟಿತ್ತು ಅಕ್ಕಾ."

ಯಂತ್ರದ ಮನೆಯ ದೀಪ ಹತ್ತೂಕಾಲಿಗೇ ಆರಿತ್ತು. ಅವಳು ಬೀದಿಯಲ್ಲಿ ನಿಂತು ನೋಡಿಯೇ ಬಂದಿದ್ದಳು. ಅವನ ಮುಂದೆ ಆಲೂಗಡ್ಡೆ, ಉಪ್ಪುಮೀನು ಇಟ್ಟಳು. ಅವನು ಮುಟ್ಟಲಿಲ್ಲ.  ಇವನನ್ನ ಎತ್ತಿ ಆಡಿಸಿದ್ದು ನಾನು, ಇವನು ಸುಳ್ಳು ಹೇಳಿದರೆ ನನಗೆ ಗೊತ್ತಾಗೋದಿಲ್ಲವಾ ಅಂತ ಅವಳಿಗೆ ಅಳು ಬಂತು.

ಶುಕ್ರವಾರ ಬೆಳಿಗ್ಗೆ ಐನೂರ ಒಂದು. ಮೂಲೆ ಕತ್ತರಿಸಿದ ಅದೇ ಹಾಳೆ. ರುಸ್ತಾದ್ ಸಾಹೇಬರು ಮೇಲೆ ಹೋಗಿ ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಿ ಬಂದರು. ಬೀಗ ಹಾಗೇ ಇತ್ತು, ಪೆಟ್ಟಿಗೆ ಖಾಲಿ. ಬಾಗಿಲು ಹಾಕಿ ರಾಗ್ನಾಳನ್ನ ಕೂರಿಸಿಕೊಂಡು ಸಣ್ಣ ದನೀಲಿ ಹೇಳಿದರು. ನವೆಂಬರಿನಲ್ಲಿ ತಂತಿ ಕಂಬ ನೋಡೋ ಒಬ್ಬನು ಇದೇ ನಲವತ್ತೊಂದನ್ನ ಕಡ ತಗೊಂಡು ಗಡಿ ಕಡೆ ಹೋದೋನು ಮಾಯ ಆಗಿದಾನೆ. ಹುಡುಕಿದರೂ ಸಿಗಲಿಲ್ಲ, ಗಡಿ ದಾಟಿ ಓಡಿಹೋದ ಅಂತ ಪೇಪರಿನಲ್ಲೂ ಬಂದಿತ್ತು. ಈಗ ಅದೇ ನಕ್ಷೆ ರಾತ್ರಿ ರಾತ್ರಿ ಹೊರಗೆ ಹೋಗಿ ಬರ್ತಿದೆ. ಇದು ಒಬ್ಬನ ಕೆಲಸ ಅಲ್ಲ.

"ಸೋಮವಾರ ಬೆಳಿಗ್ಗೆ ಪೊಲೀಸರು ಬರ್ತಾರೆ. ಮೂರನೇ ಬೀಗದಕೈ ಯಾರ ಹತ್ರ ಇದೆ ಅಂತ ಅವರು ಕೇಳೇ ಕೇಳ್ತಾರೆ, ರಾಗ್ನಾ."

 ಆ ವರ್ಷಗಳಲ್ಲಿ ಅಂಥಾ ಗುಮಾನಿ ಒಂದು ಸಲ ಮೈಗಂಟಿದರೆ ಸಾಕು, ಜೈಲು ಆಗದಿದ್ದರೂ ಯಾವನೂ ಮತ್ತೆ ಕೆಲಸ ಕೊಡ್ತಿರಲಿಲ್ಲ. ಸೋಮವಾರದೊಳಗೆ ನಿಜ ಗೊತ್ತಾಗಬೇಕು. ತಮ್ಮ ಕಳ್ಳನಾಗಿದ್ದರೆ ತಾನೇ ಅವನ ಕೈ ಹಿಡಿದು ನಿಲ್ಲಿಸಬೇಕು, ಅಲ್ಲದಿದ್ದರೆ ಅದನ್ನ ಸಾಬೀತು ಮಾಡಬೇಕು. ಆವತ್ತು ರಾತ್ರಿ ಎಣಿಕೆ ಕೋಣೇಲೇ ಅವಿತುಕೊಳ್ಳೋದು ಅಂತ ತೀರ್ಮಾನ ಮಾಡಿದಳು.

ರಾತ್ರಿ ಹತ್ತಕ್ಕೆ ಯಂತ್ರ ನಿಂತಿತು. ಐನೂರು ಹಾಳೆ ಎಣಿಸಿ ಕಟ್ಟು ಮೇಜಿನ ಮೇಲಿಟ್ಟಳು. ಒಳಗಿನಿಂದ ಬೀಗ ಹಾಕಿಕೊಂಡಳು. ದೀಪ ಆರಿಸಿ, ಕೋಟು ಹೊದ್ದು, ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಿಟಕಿಯಿಂದ ಹಿಮದ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಬಿಸಿನೀರಿನ ಕೊಳವೆ ತಣ್ಣಗಾಗ್ತಾ ಟಿಣ್... ಟಿಣ್... ಅನ್ನೋದು. ಗೋಡೆ ಗಡಿಯಾರ ಟಕ್... ಟಕ್...

ಹನ್ನೊಂದಾಯ್ತು. ಮೇಲಿನ ಮಹಡೀಲಿ ಒಂದು ಹಲಗೆ ಕಿರ್ರ್ ಅಂತು. ಬಂದ, ಅಂದುಕೊಂಡಳು.  ಸದ್ದು ಕೆಳಗಿಳಿಯಲಿಲ್ಲ.

ಹನ್ನೊಂದೂವರೆ. ಕೊಳವೆ ಸದ್ದು ನಿಂತುಹೋಯ್ತು. ಆಮೇಲೆ...

ತೊಟ್.

ಬಾಗಿಲು ತೆಗೆದ ಸದ್ದು ಆಗಲಿಲ್ಲ. ಬೀಗದ ಸದ್ದಿಲ್ಲ, ಹಿಡಿಯ ಸದ್ದಿಲ್ಲ. ತೊಟ್... ತೊಟ್... ಮೇಜಿನ ಈಚೆ ಒಬ್ಬ ನಿಂತಿದ್ದ. ದಪ್ಪ ಕೋಟು, ಚರ್ಮದ ಚೀಲ. ಚೀಲದ ಬಕಲು ಬಿಚ್ಚಿದ, ಕ್ಲಿಕ್. ಒಳಗಿಂದ ಮಡಿಚಿದ ಹಾಳೆ ತೆಗೆದ. ಮೇಜಿನ ಮೇಲೆ ಹರಡಿ ಅಂಗೈಯಿಂದ ಉಜ್ಜಿದ... ಸರ್... ಸರ್... ಒಂದೊಂದು ಮಡಿಕೇನೂ ನಿಧಾನವಾಗಿ, ಒಪ್ಪವಾಗಿ. ಕಟ್ಟಿನ ಮೇಲಿನ ಎರಡು ಹಾಳೆ ಎತ್ತಿ, ಇದನ್ನ ಒಳಗೆ ಸೇರಿಸಿ, ಸುಮ್ಮನೆ ನಿಂತ. ಕೌಂಟರಿನ ಮುಂದೆ ಸರದಿ ಕಾಯೋರು ನಿಲ್ತಾರಲ್ಲ, ಹಾಗೆ.

ರಾಗ್ನಾಗೆ ಎದ್ದು ಓಡಬೇಕು ಅನ್ನಿಸಿತಂತೆ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ್ದು ಅವಳೇ.

"ರಸೀತಿ ಕೊಡ್ತೀವಿ ಅಂದಿದ್ರಿ..." ಅಂದ. ಅದೇ ಪಿಸುದನಿ. "ಮೂರು ದಿನ ಆಯ್ತು."

ಅವನೇ ಮುಂದುವರಿಸಿದ.

"ಮನೆಗೆ ಕಾಗದ ಬಂದಿದೆ. ಎರಡೂವರೆ ಕ್ರೋನೆ ಕಟ್ಟಿ ಅಂತ. ಹೆಂಡತಿ ಸಿಗ್ನೆ ಹತ್ರ ಇಲ್ಲ... ನನ್ನ ಸಂಬಳ ನಿಂತುಹೋಗಿದೆ."

ಇದಾದ ಮೇಲೆ ನಡೆದದ್ದನ್ನ ರಾಗ್ನಾ ಎಷ್ಟು ಸಲ ಹೇಳಿದರೂ ಒಂದೇ ತರ ಹೇಳೋಳು. ತಲೆ ಏನೂ ಯೋಚನೆ ಮಾಡಲಿಲ್ಲ, ಕೈ ತಾನೇ ಹೋಯ್ತು ಅಂತ. ಇಪ್ಪತ್ತೆರಡು ವರ್ಷದ ಕೈ. ಡ್ರಾಯರು ಎಳೆದಳು, ರಸೀತಿ ಪುಸ್ತಕ ತೆಗೆದಳು, ಕಾರ್ಬನ್ ಇಟ್ಟಳು. ಕೇಳಬೇಕಾದ್ದನ್ನ ಕೇಳಿದಳು.

"ಹೆಸರು?"

"ಆಸ್ಮುಂಡ್ ಲೀ. ತಂತಿ ಕೆಲಸ."

ಬರೆದಳು. ನಕ್ಷೆ ನಲವತ್ತೊಂದು, ಒಂದು ಹಾಳೆ, ಹಿಂದಿರುಗಿಸಲಾಗಿದೆ, ಬಾಕಿ ಇಲ್ಲ. ಜನವರಿ ಹದಿನಾರು. ಸಹಿ. ಹರಿದಳು, ಪರ್ರ್... ಕೊಟ್ಟಳು. ಅವನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಎರಡು ಮಡಿಕೆ ಮಾಡಿ ಚೀಲದೊಳಗಿಟ್ಟು ಬಕಲು ಹಾಕಿದ. ಕ್ಲಿಕ್.

ಆಗ ಅವಳಿಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಬಿಟ್ಟಳು. "ಎಲ್ಲಿದ್ದೀರಿ ನೀವು?"

ಅವನು ಮೇಲಿನ ಎರಡು ಹಾಳೆ ಸರಿಸಿ ತನ್ನ ಹಾಳೆಯ ಮೇಲೆ ಒಂದು ಕಡೆ ಬೆರಳಿಟ್ಟ. ಬೆರಳು ತೆಗೆದ ಕಡೆ ಒಂದು ಒದ್ದೆ ಗುರುತು. ಅವಳು ತಲೆ ಎತ್ತೋ ಹೊತ್ತಿಗೆ ಕೋಣೇಲಿ ಅವಳೊಬ್ಬಳೇ. ಕೊಳವೆ ಮತ್ತೆ ಟಿಣ್ ಅಂತು.

ದೀಪ ಹಾಕಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಂಚು ಬಿಟ್ಟು ನಕ್ಷೆಯ ಒಳಗೆ ನೋಡಿದಳು. ಬ್ರೆನ್ನಾ ಅಂತ ಬರೆದಿತ್ತು, ಯಾರೂ ಇಲ್ಲದ ಹಾಳು ಒಕ್ಕಲುಮನೆ ಅಂತ ಗುರುತು. ಅದರ ಪಕ್ಕ, ಒದ್ದೆ ಗುರುತಿನ ನಡುವೆ, ಸಾಸಿವೆ ಕಾಳಿಗಿಂತ ಸಣ್ಣ ನೀಲಿ ಚುಕ್ಕೆ. ಬಾವಿ. ಕಟ್ಟಿನಿಂದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ಬ್ರೆನ್ನಾ ಇದೆ, ಚುಕ್ಕೆ ಇಲ್ಲ. ಇನ್ನೊಂದು... ಇಲ್ಲ. ಹತ್ತು ತೆಗೆದಳು. ಒಂದರಲ್ಲೂ ಇಲ್ಲ.

ಮೇಲಿನ ಮಹಡಿಯ ಹಲಗೆ ಮತ್ತೆ ಕಿರ್ರ್ ಅಂತು. ಈ ಸಲ ಅವಳು ಹೆದರಲಿಲ್ಲ, ಸಿಟ್ಟು ನೆತ್ತಿಗೇರಿತ್ತು. ಎರಡೂ ಹಾಳೆ ಹಿಡಕೊಂಡು ಮೆಟ್ಟಲು ಹತ್ತಿದಳು. ಮೇಲೆ ಹಳೇ ದಾಖಲೆಗಳ ಕೋಣೆ. ಊರೂರು ಸುತ್ತಿ ಅಳತೆ ಮಾಡಿದೋರು ಕೈಯಲ್ಲಿ ಬರೆದ ಮೂಲ ನಕ್ಷೆಗಳು ಅಲ್ಲಿರ್ತವೆ. ಬಾಗಿಲ ಸಂದೀಲಿ ಬೆಳಕು. ತಳ್ಳಿದಳು.

ಸ್ವೆರ್ರೆ ನೆಲದ ಮೇಲೆ ಕೂತಿದ್ದ. ಸುತ್ತ ಖಾನೆಗಳನ್ನೆಲ್ಲಾ ಎಳೆದು ಹಾಕಿದ್ದ, ಮಡಿಲಲ್ಲಿ ಒಂದು ಮೂಲ ನಕ್ಷೆ, ಕೈಲಿ ಟಾರ್ಚು. ಅಕ್ಕನ್ನ ನೋಡಿ ಎದ್ದೇಳಲಿಲ್ಲ, ಬಚ್ಚಿಡಲೂ ಇಲ್ಲ. ಅಳ್ತಿದ್ದ.

"ಕೊಳೆ ಅಂದುಕೊಂಡೆ ಅಕ್ಕಾ," ಅಂದ. "ತಗಡಿನ ಮೇಲೆ ಧೂಳು ಕೂತಿದೆ ಅಂದುಕೊಂಡೆ."

ಅಚ್ಚಿನೋರ ಕೆಲಸವೇ ಅದು. ತಗಡಿನ ಮೇಲೆ ಒಂದು ಕಣ ಧೂಳು ಕೂತರೆ ಹಾಳೆಯ ಮೇಲೆ ಒಂದು ಚುಕ್ಕೆ ಬೀಳುತ್ತೆ. ಚೂರಿ ತುದೀಲಿ ಮೆಲ್ಲಗೆ ಹೆರೆದು ತೆಗೀತಾರೆ. ಅಕ್ಟೋಬರಿನಲ್ಲಿ, ಹದಿನಾಲ್ಕು ಗಂಟೆ ದುಡಿದ ಒಂದು ದಿನ, ನೀಲಿ ತಗಡಿನ ಮೇಲೆ ಹೊಳೆ ಇಲ್ಲದ ಕೆರೆ ಇಲ್ಲದ ಕಡೆ ಒಂದು ಚುಕ್ಕೆ ಕಾಣಿಸಿತು. ಪಕ್ಕದಲ್ಲಿ ಹೆಸರಿಲ್ಲ. ಹೆಸರು ಇರೋದು ಕಪ್ಪು ತಗಡಿನಲ್ಲಿ ತಾನೇ? ಮೂಲ ನಕ್ಷೆ ನೋಡೋಕೆ ಮೂರು ಮಹಡಿ ಹತ್ತಬೇಕು. ಹೆರೆದುಬಿಟ್ಟ. ಆಮೇಲೆ ನವೆಂಬರಿನ ಪೇಪರಿನಲ್ಲಿ ತಂತಿಯವನು ಕಾಣೆಯಾದ ಕಡೆಯ ಹೆಸರು ಓದಿದ. ಆವತ್ತಿನಿಂದ ಕಣ್ಣಿಗೆ ನಿದ್ದೆ ಇಲ್ಲ. ಹಗಲು ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ. ಅದಕ್ಕೇ ರಾತ್ರಿ ಪಾಳಿ ಮುಗಿಸಿ, ದೀಪ ಆರಿಸಿ, ಇಲ್ಲಿ ಬಂದು ಹುಡುಕ್ತಿದ್ದ. ಯಾವುದೂ ಅದರದರ ಜಾಗದಲ್ಲಿಲ್ಲ, ಆ ವರ್ಷ ಜೋಡಿಸಿಡೋಕೆ ಯಾರಿಗೆ ಪುರುಸೊತ್ತು? ಇವತ್ತು ಸಿಕ್ಕಿತ್ತು. ಮೂಲ ನಕ್ಷೇಲಿ, ಬ್ರೆನ್ನಾ ಪಕ್ಕ, ಯಾರೋ ಪುಣ್ಯಾತ್ಮ ನೀಟಾಗಿ ಒಂದು ನೀಲಿ ಚುಕ್ಕೆ ಇಟ್ಟಿದ್ದ.

ಬೂಟು? ಓವರ್‌ಟೈಮ್ ದುಡ್ಡಿನದು. ಅಷ್ಟೇ.

ರಾಗ್ನಾ ಅವನ ಪಕ್ಕ ಕೂತಳು. ಅಚ್ಚಿನೋನು ಒಬ್ಬ ತಪ್ಪು ಮಾಡ್ತಾನೆ ಅಂತಲೇ ಇನ್ನೊಬ್ಬರು ನೋಡಬೇಕು ಅನ್ನೋ ಕಾನೂನು ಇರೋದು. ಮೂಲದ ಜೊತೆ ಹೋಲಿಸಿ, ಕೆಳಗೆ ಸಹಿ. ಆ ಸಹಿ ಯಾರದು ಅಂತ ನೋಡೋಕೆ ಅವಳು ಪುಸ್ತಕ ತೆಗೆಯಬೇಕಾಗಿರಲಿಲ್ಲ. ಅಕ್ಟೋಬರಿನಲ್ಲಿ ಹೋಲಿಸೋರು ಇಬ್ಬರೂ ಜ್ವರ ಅಂತ ಮಲಗಿದ್ದಾಗ, ರುಸ್ತಾದ್ ಸಾಹೇಬರು ಮೂವತ್ತು ಕರಡು ಹಾಳೆ ತಂದು ಅವಳ ಮುಂದಿಟ್ಟಿದ್ದರು. ನೋಡೋದೇನಿಲ್ಲ, ಸಹಿ ಇದ್ದರೆ ಸಾಕು, ಯಂತ್ರ ಕಾಯ್ತಿದೆ ಅಂದಿದ್ದರು. ಕಾಫಿ ಕುಡೀತಾ, ಕಂದು ಬಣ್ಣದ ಚೀಸ್ ಹಾಕಿದ ರೊಟ್ಟಿ ತಿಂತಾ, ಮೂವತ್ತಕ್ಕೂ ಸಹಿ ಹಾಕಿದ್ದಳು. ಹೋಲಿಸಿ ನೋಡಿದೆ. ಹೋಲಿಸಿ ನೋಡಿದೆ. ಹೋಲಿಸಿ ನೋಡಿದೆ.

"ನೀನು ಒಂದು ಸಲ ಹೆರೆದೆ," ಅಂದಳು. "ನಾನು ನೋಡದೆ ನೋಡಿದೆ ಅಂತ ಬರೆದೆ. ಆಮೇಲೆ ಅವನ ಹೆಂಡತಿಗೆ ದುಡ್ಡು ಕಟ್ಟು ಅಂತ ಕಾಗದ ಹಾಕಿದೆ."

"ಹೇಳಿದರೆ ಇಬ್ಬರದೂ ಕೆಲಸ ಹೋಗುತ್ತೆ ಅಕ್ಕಾ."

"ಹೋಗಲಿ."

ಕೆಳಗೆ ಕಾವಲಿನವನ ಕೋಣೇಲಿ ಫೋನಿತ್ತು. ರಾತ್ರಿ ಒಂದು ಗಂಟೆಗೆ ಆ ಗಡಿ ಸೀಮೆಯ ಪೊಲೀಸ್ ಅಧಿಕಾರಿಯನ್ನ ಹಾಸಿಗೆಯಿಂದ ಎಬ್ಬಿಸಿದರು. ಅವನು ಬೈದನಂತೆ. ಬ್ರೆನ್ನಾದಲ್ಲಿ ಬಾವಿ ಎಲ್ಲಿಂದ ಬಂತು, ನನ್ನ ಹತ್ರ ನಕ್ಷೆ ಇದೆ, ನೀವೇ ಅಚ್ಚು ಹಾಕಿ ಕಳಿಸಿದ್ದು, ಅದರಲ್ಲಿ ಬಾವಿ ಇಲ್ಲ ಅಂದ. ಆ ನಕ್ಷೆ ಸುಳ್ಳು ಅಂತ ರಾಗ್ನಾ ಅವನಿಗೆ ಎರಡು ಸಲ ಹೇಳಬೇಕಾಯ್ತು.

ಬೆಳಿಗ್ಗೆ ವಿಷಯ ತಿಳಿದು ರುಸ್ತಾದ್ ಸಾಹೇಬರು ತಲೆ ಮೇಲೆ ಕೈ ಹೊತ್ತರು. ಒಂದು ಚುಕ್ಕೆಗೋಸ್ಕರ ಇಡೀ ಆಫೀಸಿನ ಮರ್ಯಾದೆ ಕಳೆದಿರಲ್ಲ ಅಂದರು. ಆದರೆ ಆ ಬೆಳಿಗ್ಗೆ ಎಣಿಕೆ ಸರಿಯಾಗಿತ್ತು. ಕಟ್ಟಿನಲ್ಲಿ ಐನೂರು, ವಾಪಸ್ ಬಂದ ಹಾಳೆಗಳ ಖಾನೇಲಿ ಒಂದು.

ಶನಿವಾರ ಮಧ್ಯಾಹ್ನ ಬ್ರೆನ್ನಾದಲ್ಲಿ ಆರು ಜನ ಹಿಮ ಅಗೆದರು. ಸೊಂಟದ ಎತ್ತರ ಹಿಮ. ಮೇಲಿನ ಹೊಸ ಹಿಮ ತೆಗೆದರೆ ಎರಡು ತಿಂಗಳ ಹಿಂದಿನ ಗಟ್ಟಿ ಪದರ, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಅಡಿಯಲ್ಲಿ ಕೊಳೆತ ಹಲಗೆ, ನಡುವೆ ಮುರಿದ ತೂತು. ಕೆಳಗೆ ಮಂಜುಗಡ್ಡೆ. ಅದರಲ್ಲಿ ಆಸ್ಮುಂಡ್ ಲೀ ಇದ್ದ. ಕತ್ತಲಾಗೋ ಮುಂಚೆ ದಾರಿ ಉಳಿಸೋಣ ಅಂತ ನಕ್ಷೆ ನೋಡಿ ಅಂಗಳಕ್ಕೆ ಅಡ್ಡ ಹಾಯ್ದಿದ್ದ. ಎಲ್ಲಿಗೂ ಓಡಿಹೋಗಿರಲಿಲ್ಲ.

ಸ್ವೆರ್ರೆಯ ಕೆಲಸ ಹೋಯ್ತು. ಆಮೇಲೆ ಮೀನಿನ ಡಬ್ಬಿಗೆ ಅಂಟಿಸೋ ಕಾಗದ ಅಚ್ಚು ಹಾಕೋ ಕಡೆ ಸೇರಿಕೊಂಡ, ಕೊನೇವರೆಗೂ ಅಲ್ಲೇ ಇದ್ದ. ರಾಗ್ನಾಳನ್ನ ಕೆಲಸದಿಂದ ತೆಗೀಲಿಲ್ಲ, ಸಂಬಳ ಇಳಿಸಿದರು. ಅಚ್ಚಾಗಿದ್ದ ಎರಡು ಸಾವಿರ ಚಿಲ್ಲರೆ ಹಾಳೆಗೂ ಅವಳೇ ಸಂಜೆ ಸಂಜೆ ಕೂ‌ತು, ಸಣ್ಣ ಲೇಖನಿಯಿಂದ ಬ್ರೆನ್ನಾ ಪಕ್ಕ ನೀಲಿ ಚುಕ್ಕೆ ಇಟ್ಟಳು. ಯಾರೂ ಹೇಳಿರಲಿಲ್ಲ. ಸಿಗ್ನೆಗೆ ಗಂಡನ ಬಾಕಿ ಸಂಬಳ ಬಂತು, ಪಿಂಚಣಿಯೂ ಆಯ್ತು. ಓಡಿಹೋದವನ ಹೆಂಡತಿ ಅಂತ ಊರಲ್ಲಿ ಕರೆಯೋದು ನಿಂತಿತು.

ಫೆಬ್ರವರಿಯಲ್ಲಿ ರಾಗ್ನಾಳ ಮೇಜಿಗೆ ಒಂದು ಕಾಗದ ಬಂತು. ಕಡ ಹೋದ ನಕ್ಷೆಯ ಲೆಕ್ಕ ಮುಗಿಸಬೇಕಲ್ಲ, ಅದಕ್ಕೆ ಆ ಪೊಲೀಸ್ ಅಧಿಕಾರಿ ಸತ್ತವನ ಮೈಮೇಲೆ ಸಿಕ್ಕಿದ್ದನ್ನೆಲ್ಲಾ ಪಟ್ಟಿ ಮಾಡಿ ಕಳಿಸಿದ್ದ. ಇಕ್ಕಳ ಒಂದು. ಚಾಕು ಒಂದು. ಗಡಿಯಾರ ಒಂದು, ನಿಂತಿದೆ. ಚರ್ಮದ ಚೀಲ ಒಂದು, ಬಕಲು ಹಾಕಿದ್ದು, ಮಂಜುಗಡ್ಡೆಯಿಂದ ಕಡಿದು ತೆಗೆದದ್ದು. ಚೀಲದಲ್ಲಿ ನಕ್ಷೆ ಇಲ್ಲ. ಚೀಲದಲ್ಲಿ ರಸೀತಿ ಒಂದು, ಎರಡು ಮಡಿಕೆ, ನಂಬರು ಮುನ್ನೂರ ಹದಿನೆಂಟು, ಒದ್ದೆಯಾಗಿಲ್ಲ.

ಮುನ್ನೂರ ಹದಿನೆಂಟರ ಕಾರ್ಬನ್ ಪ್ರತಿಯನ್ನ ರಾಗ್ನಾ ಸಾಯೋವರೆಗೂ ತನ್ನ ಹೊಲಿಗೆ ಡಬ್ಬೀಲಿ ಇಟ್ಟುಕೊಂಡಿದ್ದಳು. ನಾನು ಕಣ್ಣಾರೆ ನೋಡಿದೀನಿ, ಕೈಯಲ್ಲಿ ಹಿಡಿದಿದೀನಿ. ಅವಳದೇ ಅಕ್ಷರ. ತಾರೀಖು ಜನವರಿ ಹದಿನಾರು. ಆ ಮನುಷ್ಯ ಬಾವಿಗೆ ಬಿದ್ದದ್ದು ನವೆಂಬರ್ ಇಪ್ಪತ್ತನಾಲ್ಕು.